ಒಂಟಿತನ ಅಳೆಯಲು ಬಂದ ಗುನ್‌ವೋರ್

ಗುನ್‌ವೋರ್ ಥೈಸೆನ್ ವರ್ಷಕ್ಕೊಮ್ಮೆ ನಮ್ಮೂರಿಗೆ ಬರುವಾಗ ಅವಳಿಗಿಂತ ಮೊದಲು ಬೆಣ್ಣೆ ಕಾಯುವ ವಾಸನೆ ಬರುತ್ತಿತ್ತು. ಅದನ್ನು ಅವಳು ತರುತ್ತಿರಲಿಲ್ಲ. ಅವಳು ಬರುತ್ತಾಳೆಂದು ವೆಸ್ಟರ್‌ಲುಂಡಿನ ಮುದುಕ ಮುದುಕಿಯರೆಲ್ಲ ಒಲೆಯ ಮುಂದೆ ನಿಲ್ಲುತ್ತಿದ್ದರು. ಅಂಗಡಿಯಲ್ಲಿ ಬೆಣ್ಣೆ, ಸಕ್ಕರೆ, ಮೊಟ್ಟೆ ಒಟ್ಟೊಟ್ಟಿಗೆ ಖಾಲಿಯಾದರೆ ಅಂಗಡಿಯವನು, "ಓಹೋ, ಪ್ರಶ್ನೆ ಕೇಳೋಳು ಬರ್ತಿದಾಳೆ" ಎನ್ನುತ್ತಿದ್ದ.

ಪ್ರಶ್ನೆ ಕೇಳುವುದೇ ಅವಳ ಕೆಲಸವಾಗಿತ್ತು. ವಯಸ್ಸಾದವರ ಮನಸ್ಸು ಹೇಗಿರುತ್ತದೆಂದು ತಿಳಿಯಲು ವಿಶ್ವವಿದ್ಯಾಲಯದ ಮನಶ್ಶಾಸ್ತ್ರದವರು ಬಹಳ ವರ್ಷಗಳ ಒಂದು ಅಧ್ಯಯನ ಹಿಡಿದಿದ್ದರು. ಚೀಟಿ ಎತ್ತಿ ಆರಿಸಿದ ಮನೆಗಳಿಗೆ ಹೋಗಬೇಕು, ಪ್ರತಿವರ್ಷ ಅದೇ ಜನರಿಗೆ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಬೇಕು, ಉತ್ತರ ಬರೆದುಕೊಂಡು ಬರಬೇಕು. ನನ್ನ ಹೆಸರು ಚೀಟಿಯಲ್ಲಿ ಬರಲಿಲ್ಲ. ಹಾಗಾಗಿ ಅವಳು ನನ್ನ ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇಳಿದುಕೊಳ್ಳಲು ಅಡ್ಡಿಯಿರಲಿಲ್ಲ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಡೈರಿಯಲ್ಲಿ ಚೀಸ್ ಗುಂಡುಗಳನ್ನು ತಿರುವಿಹಾಕುವ ಕೆಲಸಕ್ಕೆ ಸೇರಿದವಳು. ಅಧ್ಯಯನ ಎಂದರೆ ಏನೆಂದು ನನಗೆ ಯಾರೂ ಕಲಿಸಿರಲಿಲ್ಲ. ಆದರೆ ಗುನ್‌ವೋರ್ ಸಂಜೆ ನನ್ನ ಅಡಿಗೆಮನೆಯಲ್ಲಿ ಕೂತು ಮಾತಾಡುತ್ತಿದ್ದಳು, ನಾನು ಆಲೂಗಡ್ಡೆ ಸುಲಿಯುತ್ತಾ ಕೇಳುತ್ತಿದ್ದೆ. ಯಾರು ಏನು ಹೇಳಿದರೆಂದು ಮಾತ್ರ ಅವಳು ಎಂದೂ ಬಾಯಿ ಬಿಡಲಿಲ್ಲ. ಬಿಡುವ ಅಗತ್ಯವೂ ಇರಲಿಲ್ಲ, ಆಯಾ ಜನರೇ ಬಂದು ನನಗೆ ಹೇಳಿಹೋಗುತ್ತಿದ್ದರು.

ಅವಳು ಹುಟ್ಟಿದ್ದು ರೈಲು ನಿಲ್ದಾಣದ ಮನೆಯಲ್ಲಿ. ಈಗ ಆ ಕವಲು ದಾರಿಯ ಹಳಿಗಳನ್ನೇ ಕಿತ್ತುಹಾಕಿದ್ದಾರೆ, ಆಗ ಅವಳ ಅಪ್ಪ ಅಲ್ಲಿಯ ಸ್ಟೇಷನ್ ಮಾಸ್ತರ. ಟಿಕೆಟು ಕೊಡುವ ಕಿಂಡಿಯ ಕೆಳಗೆ ಒಂದು ಪೆಟ್ಟಿಗೆಯ ಮೇಲೆ ಕೂತು ಬೆಳೆದ ಹುಡುಗಿ ಅವಳು. ಕಿಂಡಿಯಾಚೆಯ ಜನರ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಯಾರು ಮದುವೆಗೆ ಹೊರಟಿದ್ದಾರೆ, ಯಾರು ಆಸ್ಪತ್ರೆಗೆ ಹೊರಟಿದ್ದಾರೆ ಎಂದು ಊರ ಹೆಸರು ಹೇಳುವ ರೀತಿಯಲ್ಲೇ ಗೊತ್ತಾಗುತ್ತಿತ್ತಂತೆ. ದೊಡ್ಡವಳಾದ ಮೇಲೆ ಎತ್ತರದ ಆಳು, ದೊಡ್ಡ ಪಾದ, ಯಾವಾಗಲೂ ಒಂದೇ ಬೂದು ಮಳೆಕೋಟು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಕೇಳೋಕೆ ಬಂದೋರು ನನ್ನ ಪ್ರಶ್ನೆ ಮುಗಿಯೋ ತನಕ ಕಾಯಲಿಲ್ಲ" ಎನ್ನುತ್ತಿದ್ದಳು.

ಪ್ರಶ್ನೆ ಕೇಳಿದ ಮೇಲೆ ಅವಳು ಸುಮ್ಮನೆ ಕೂರುತ್ತಿದ್ದಳು. ಕೆಮ್ಮುತ್ತಿರಲಿಲ್ಲ, ಹಾಳೆ ತಿರುವುತ್ತಿರಲಿಲ್ಲ, ನಗುತ್ತಿರಲಿಲ್ಲ. ಎದುರಿನವರಿಗೆ ಇಡೀ ಜಗತ್ತಿನಲ್ಲಿ ತಮ್ಮ ಉತ್ತರಕ್ಕಾಗಿಯೇ ಒಬ್ಬಳು ಕಾಯುತ್ತಿದ್ದಾಳೆ ಅನಿಸುತ್ತಿತ್ತು. ಜನ ಅವಳನ್ನು ಅಷ್ಟು ಹಚ್ಚಿಕೊಂಡಿದ್ದು ಇದಕ್ಕೇ. ತೊಂದರೆಯೂ ಇಲ್ಲಿಂದಲೇ ಶುರುವಾಯಿತು.

ನಮ್ಮ ಕಡೆ ಅತಿಥಿ ಬಂದರೆ ಕಾಫಿ ಮೇಜು ಹಾಕಬೇಕು. ಮೊದಲು ಬೆಣ್ಣೆ ಸವರಿದ ಬನ್ನು, ಆಮೇಲೆ ಮೆತ್ತನೆಯವು ಏಳು ಬಗೆ, ಆಮೇಲೆ ಗರಿಗರಿಯವು ಏಳು ಬಗೆ. ಕಡಿಮೆ ಇಟ್ಟರೆ ಮನೆಯ ಹೆಸರು ಕೆಡುತ್ತದೆ, ಎಲ್ಲವನ್ನೂ ರುಚಿ ನೋಡದಿದ್ದರೆ ಅತಿಥಿಯ ಹೆಸರು ಕೆಡುತ್ತದೆ. ಗರಿಗರಿಯವುಗಳಲ್ಲಿ ಒಂದು ಪುಟ್ಟ ಬಿಸ್ಕತ್ತು ಇದೆ. ಅದರ ತಲೆಯ ಮೇಲೆ ಸಕ್ಕರೆ ಹಾಕಿ ನೊರೆ ಬರಿಸಿದ ಮೊಟ್ಟೆ ಬಿಳಿಯ ಟೋಪಿ ಇರುತ್ತದೆ. ಬಾಯಿಗಿಟ್ಟರೆ ಕರಗಿಹೋಗುತ್ತದೆ, ತಿಂದೆವೋ ಇಲ್ಲವೋ ಎಂದು ಅನುಮಾನ ಬರುತ್ತದೆ. ಅದರ ಹೆಸರೇ 'ಏನಿಲ್ಲ'.

ಏನಿಲ್ಲ ಮಾಡುವುದರಲ್ಲಿ ಬೊತಿಲ್ಲೆಯನ್ನು ಮೀರಿಸುವವರು ಇರಲಿಲ್ಲ. ಅವಳು ಸತ್ತ ಮೇಲೆ ಅವಳ ಗಂಡ ನಿಸ್ ಕಾಲೆಸೆನ್ ಅದನ್ನು ತಾನೇ ಕಲಿತ. ನಿಸ್ ಸಮುದ್ರದ ಒಡ್ಡು ಕಾಯುತ್ತಿದ್ದ ಮನುಷ್ಯ, ಮಣ್ಣು ಗುದ್ದಲಿ ಹಿಡಿದ ಕೈ. ಒಡ್ಡಿನ ಕೊನೆಯಲ್ಲಿ ಅವನದೊಂದೇ ಮನೆ, ಸುತ್ತ ಕುರಿ ಮೇಯುವ ಹುಲ್ಲು. ಕಣ್ಣು ಮಂಜಾಗಿ ಕಾರು ಓಡಿಸುವ ಪರವಾನಗಿ ವಾಪಸು ಕೊಟ್ಟಿದ್ದ. ಗುನ್‌ವೋರ್ ಬರುವ ವಾರ ಅವನು ನನಗೆ ಫೋನು ಮಾಡುತ್ತಿದ್ದ:

"ಥೆಯಾ, ಮೊಟ್ಟೆ ಬಿಳಿ ಎಷ್ಟು ಹೊತ್ತು ಕಡೀಬೇಕು?"

"ಬಟ್ಟಲು ತಲೆಕೆಳಗು ಮಾಡಿದ್ರೂ ಬೀಳದಷ್ಟು."

"ಮಾಡಿ ನೋಡ್ದೆ. ಬಿತ್ತು."

"ಎಲ್ಲಿ?"

"ಮಳೆ ಬೂಟಿನೊಳಗೆ."

ಗುನ್‌ವೋರ್ ಹೋದ ಮೇಲೆ ಬರುವ ಗುರುವಾರ ನಿಸ್ ನಮ್ಮ ಸಭಾಮನೆಯಲ್ಲಿ ಅವಳ ಪಾತ್ರವನ್ನೂ ತನ್ನ ಪಾತ್ರವನ್ನೂ ತಾನೇ ಮಾಡಿ ತೋರಿಸುತ್ತಿದ್ದ. ಬೆನ್ನು ನೆಟ್ಟಗೆ ಮಾಡಿ, ದನಿ ತೆಳ್ಳಗೆ ಮಾಡಿ, "ನಿಸ್, ನಿನಗೆ ಒಂಟಿ ಅನ್ಸುತ್ತಾ? ಯಾವಾಗಲೂ, ಆಗಾಗ, ಅಪರೂಪಕ್ಕೆ, ಇಲ್ಲಾ ಎಂದೂ ಇಲ್ಲ?" ಎನ್ನುವನು. ಆಮೇಲೆ ಕುರ್ಚಿಗೆ ಒರಗಿ ತನ್ನ ದನಿಯಲ್ಲಿ, "ನನಗಾ? ಎಂದೂ ಇಲ್ಲ. ಇನ್ನೊಂದು ಏನಿಲ್ಲ ತಗೋ."

ಎಲ್ಲರೂ ನಗುತ್ತಿದ್ದರು. ಎಲ್ಲರೂ ಹೆಚ್ಚುಕಡಿಮೆ ಅದೇ ಉತ್ತರ ಕೊಟ್ಟಿದ್ದರು.

ಈ ಗುರುವಾರದ ವಿಷಯ ಹೇಳಬೇಕು. ವಾರಕ್ಕೊಂದು ದಿನ ಪುರಸಭೆಯ ಸಣ್ಣ ಬಸ್ಸು ಒಡ್ಡಿನ ಕೊನೆಯವರೆಗೂ ಹೋಗಿ, ಕಾರಿಲ್ಲದ ಮುದುಕರನ್ನು ಮನೆಮನೆಯಿಂದ ಹತ್ತಿಸಿಕೊಂಡು ಸಭಾಮನೆಗೆ ತರುತ್ತಿತ್ತು. ಕಾಫಿ, ಇಸ್ಪೀಟು, ಒಂದೆರಡು ಹಾಡು, ಒಂದಷ್ಟು ಚಾಡಿ. ಸಂಜೆ ಮತ್ತೆ ಮನೆಗೆ. ನಾನು ಅಲ್ಲಿ ಕಾಫಿ ಕಾಸುತ್ತಿದ್ದೆ.

ಆ ವರ್ಷ ಗುನ್‌ವೋರಳ ಭೇಟಿಗಳು ಮುಗಿದು ಅವಳು ಇನ್ನೇನು ತಾನು ವಾಸವಿರುವ ರಿಬೆ ಪಟ್ಟಣಕ್ಕೆ ಹೊರಡಬೇಕು ಎನ್ನುವಾಗ ತೋರ್ಕಿಲ್ ಬಂದ. ಅವನು ಅಧ್ಯಯನದ ಮುಖ್ಯಸ್ಥ. ಸ್ವೆಟರಿನ ಮೊಣಕೈಗೆ ತೇಪೆ, ಕೂತಲ್ಲಿ ಕೂರದ ಸ್ವಭಾವ. ನನ್ನ ಅಡಿಗೆಮನೆಯಲ್ಲಿ ಕೋಟು ಬಿಚ್ಚುವ ಮೊದಲೇ ಮಾತು ಶುರುಮಾಡಿದ.

"ಪುರಸಭೆಯವರು ನಮ್ಮ ವರದಿ ಓದಿದಾರೆ."

"ಒಳ್ಳೇದಾಯ್ತಲ್ಲ. ಯಾರೂ ಓದಲ್ಲ ಅಂತ ಗೋಳಾಡ್ತಿದ್ದೆ," ಎಂದಳು ಗುನ್‌ವೋರ್.

"ಓದಿದ್ದೇ ಕಷ್ಟ ಆಗಿರೋದು. ಈ ಸೀಮೇಲೆಲ್ಲ ಒಂಟಿತನ ತೀರಾ ಕಡಿಮೆ ಇರೋದು ವೆಸ್ಟರ್‌ಲುಂಡಲ್ಲಿ ಅಂತ ಬಂದಿದೆಯಲ್ಲ, ಹಾಗಿದ್ಮೇಲೆ ಗುರುವಾರದ ಬಸ್ಸು ಯಾಕೆ ಅಂತ ಕೇಳ್ತಿದಾರೆ. ವಸಂತದಲ್ಲಿ ನಿಲ್ಲಿಸ್ತಾರಂತೆ."

ನನ್ನ ಕೈಯ ಚಾಕು ಆಲೂಗಡ್ಡೆಯಲ್ಲೇ ನಿಂತಿತು. ಬಸ್ಸು ಬರದಿದ್ದರೆ ನಿಸ್ ಹೇಗೆ ಬರುತ್ತಾನೆ?

"ಅವರಿಗೆ ಬಸ್ಸಿದೆ, ಅದಕ್ಕೇ ಒಂಟಿ ಅಲ್ಲ! ಅಷ್ಟೂ ಗೊತ್ತಾಗಲ್ವಾ?" ಎಂದಳು ಗುನ್‌ವೋರ್.

"ಅದೂ ಇರಬಹುದು. ಆದ್ರೆ ನನಗೆ ಇನ್ನೊಂದು ಅನುಮಾನ ಇದೆ." ತೋರ್ಕಿಲ್ ಕೋಟು ಬಿಚ್ಚಿದ, ಮತ್ತೆ ಹಾಕಿಕೊಂಡ. "ಬೇಜಾರು ಮಾಡ್ಕೋಬೇಡ. ಬೇರೆ ಊರುಗಳಲ್ಲಿ ಬೇರೆಯವರು ಕೇಳಿದಾರೆ. ಅಲ್ಲಿ ಒಂಟಿ ಅನ್ನೋರೂ ಇದಾರೆ. ನೀನು ಹೋದ ಊರುಗಳಲ್ಲಿ ಎಲ್ಲಾ ಕಡೆ ಜನ ಸುಖವಾಗಿದಾರೆ. ನಾವು ಅಳೀತಿರೋದು ಅವರ ಒಂಟಿತನಾನಾ, ನಿನ್ನ ಭೇಟೀನಾ?"

"ನನ್ನ ಜನ ಸುಳ್ಳು ಹೇಳಲ್ಲ."

"ಸುಳ್ಳು ಅಂತ ನಾನೆಲ್ಲಿ ಅಂದೆ?"

"ವರ್ಷ ವರ್ಷ ಅದೇ ಉತ್ತರ ಬಂದಿದೆ. ಒಂದು ಕೂದಲಷ್ಟೂ ಅಲ್ಲಾಡಿಲ್ಲ. ನೀನೇ ಹೊಗಳಿದೀಯ."

"ಹೊಗಳಿದೆ. ಅಲ್ಲಾಡದೆ ಇರೋದು ಬೇರೆ, ಸರಿಯಾಗಿರೋದು ಬೇರೆ, ಗುನ್‌ವೋರ್."

ಅವಳು ಅವನಿಗೆ ಕಾಫಿ ಬಗ್ಗಿಸಿದಳು, ಆದರೆ ಕೇಕಿನ ತಟ್ಟೆಯನ್ನು ಅವನ ಕೈಗೆಟುಕದ ಕಡೆ ಸರಿಸಿದಳು. ಅಷ್ಟು ಕೋಪ ಬಂದಿತ್ತು. ಅವನು ಹೋದ ಮೇಲೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಇಷ್ಟು ವರ್ಷ ಆ ಬೂದು ಕೋಟಿನಲ್ಲಿ ಮಳೆಗಾಳಿಗೆ ಅಲೆದು ಮಾಡಿದ ಕೆಲಸ ಅದು. ಹೋಗಲಿ ಕೆಲಸ, ತನ್ನ ಮುಂದೆ ಜನ ಮನಸ್ಸು ಬಿಚ್ಚುತ್ತಾರೆ ಎಂಬ ಒಂದೇ ಹೆಮ್ಮೆ ಅವಳಿಗಿತ್ತು.

"ಥೆಯಾ, ನಾಳೆ ಅವನಿಗೆ ತೋರಿಸ್ಕೊಡ್ತೀನಿ," ಎಂದಳು. "ಹೇಳದೆ ಕೇಳದೆ ನಿಸ್ ಮನೆಗೆ ಹೋಗ್ತೀನಿ. ಹೋದ ವಾರ ಹೇಗಿದ್ನೋ ನಾಳೇನೂ ಹಾಗೇ ಇರ್ತಾನೆ."

ನಿಸ್‌ನ ಕೇಕಿನ ಡಬ್ಬಿಯೊಂದು ನನ್ನ ಹತ್ತಿರ ಉಳಿದಿತ್ತು. ಅದನ್ನು ಕೊಡುವ ನೆವದಲ್ಲಿ ನಾನೂ ಅವಳ ಕಾರು ಹತ್ತಿದೆ.

ಮಂಗಳವಾರ. ಒಡ್ಡಿನ ಮೇಲೆ ಕುರಿಗಳೆಲ್ಲ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದವು. ಗುನ್‌ವೋರ್ ಬಾಗಿಲು ಬಡಿದಳು. ಒಳಗೆ ಏನೋ ಸರಿದ ಸದ್ದು. ಆಮೇಲೆ ಗಂಟಲು ಸರಿಮಾಡಿಕೊಳ್ಳುವ ಸದ್ದು, ಒಮ್ಮೆ, ಮತ್ತೊಮ್ಮೆ. ನಾವು ಚಳಿಯಲ್ಲಿ ನಿಂತೇ ಇದ್ದೆವು.

"ಯಾ... ಯಾರು?"

ಆ ದನಿ ನನಗೆ ಗುರುತು ಸಿಗಲಿಲ್ಲ. ತುಕ್ಕು ಹಿಡಿದ ಕೀಲಿನ ಹಾಗೆ ಇತ್ತು.

ಬಾಗಿಲು ತೆರೆದಾಗ ನಿಸ್‌ನ ಕೈಯಲ್ಲಿ ಕಚ್ಚಿದ ರೈ ರೊಟ್ಟಿಯ ತುಂಡಿತ್ತು, ನಮ್ಮ ದಿನನಿತ್ಯದ ಕಪ್ಪು ಬ್ರೆಡ್ಡು. ಅವನು ಪಾತ್ರೆ ತೊಳೆಯುವ ಕಡೆ ನಿಂತುಕೊಂಡೇ ತಿನ್ನುತ್ತಿದ್ದ. ಮೇಜಿನ ಮೇಲೆ ಬಟ್ಟೆಯಿರಲಿಲ್ಲ, ಹಳೆಯ ಪತ್ರಿಕೆ ಇತ್ತು. ಹೋದ ವಾರ ಗುನ್‌ವೋರ್ ಕೂತಿದ್ದ ಕುರ್ಚಿಯೂ ಉಳಿದವೂ ಹಿಂದಿನ ಕೋಣೆಯಲ್ಲಿ ಒಂದರ ಮೇಲೊಂದು ಏರಿಕೊಂಡಿದ್ದವು. ಒಂದೇ ಒಂದು ಕುರ್ಚಿ ಕಿಟಕಿಯ ಹತ್ತಿರ ಇತ್ತು, ಅದೂ ಮೇಜಿಗೆ ಬೆನ್ನು ಮಾಡಿಕೊಂಡು.

"ಮೋಯ್ನ್," ಎಂದಳು ಗುನ್‌ವೋರ್. ಬಂದಾಗಲೂ ಹೋಗುವಾಗಲೂ ನಮ್ಮಲ್ಲಿ ಹೇಳುವುದು ಅದೊಂದೇ ಮಾತು.

"ಮೋಯ್ನ್. ಇವತ್ತು... ಇವತ್ತು ನಿನ್ನ ದಿನ ಅಲ್ವಲ್ಲ, ಗುನ್‌ವೋರ್." ರೊಟ್ಟಿಯ ತುಂಡನ್ನು ಎಲ್ಲಿಡಲಿ ಎಂದು ಹುಡುಕಿ ಕೊನೆಗೆ ಜೇಬಿಗೆ ಹಾಕಿಕೊಂಡ. "ಏನೂ ಮಾಡಿಟ್ಟಿಲ್ಲ."

"ನಿನಗೆ ನೆಗಡಿಯಾಗಿದೆಯಾ?"

"ಇಲ್ಲಪ್ಪ. ಗಂಟಲು ಬಳಸಿಲ್ಲ, ಅಷ್ಟೆ."

"ಬೆಳಿಗ್ಗೆಯಿಂದ?"

ನಿಸ್ ಯೋಚಿಸಿದ. ಗುನ್‌ವೋರ್ ತನ್ನ ಪದ್ಧತಿಯಂತೆ ಕಾದಳು.

"ಗುರುವಾರದಿಂದ," ಎಂದ. "ಕುರಿಗಳ ಹತ್ರ ಏನೋ ಅಂದಿರ್ತೀನಿ. ಅವು ವಾಪಸ್ ಕೇಳಲ್ಲ."

ನಾವು ಕುರ್ಚಿಗಳನ್ನು ಇಳಿಸಿ ಕೂತೆವು. ಗುನ್‌ವೋರ್ ಕೋಟು ಬಿಚ್ಚಲಿಲ್ಲ.

"ನಿಸ್, ಹೋದ ವಾರ 'ಎಂದೂ ಇಲ್ಲ' ಅಂದ್ಯಲ್ಲ."

"ಹೌದು. ನೀನು ಎದುರಿಗೇ ಕೂತಿದ್ಯಲ್ಲ. ಆವತ್ತು ಇರ್ಲಿಲ್ಲ."

"ಅದಕ್ಕೆ ಹಿಂದಿನ ದಿನ?"

"ಹಿಂದಿನ ದಿನ ಏನಿಲ್ಲ ಬೇಯಿಸ್ತಿದ್ದೆ. ಅದರ ಹಿಂದಿನ ದಿನ ನೆಲ ತೊಳ್ದೆ. ಅದಕ್ಕೆ ಮುಂಚೆ ನೀನು ಬರ್ತೀಯ ಅಂತ ಕಾಯ್ತಿದ್ದೆ. ಕಾಯೋದೂ ಒಂದು ಕೆಲಸವೇ ತಾನೆ?" ಆಮೇಲೆ ಅವಳ ಮುಖ ನೋಡಿ ಗಾಬರಿಯಾದ. "ನೋಡು, ನಾನು ನಿನಗೆ ಸುಳ್ಳು ಹೇಳಿಲ್ಲ. ಆದ್ರೆ ಬಂದ ಅತಿಥಿಗೆ ಕಾಫಿ ಕೊಟ್ಟು, ನಾನು ಒಂಟಿ ಅಂತಾನೂ ಅನ್ಬೇಕಾ? ಅವರು ಕೇಕು ನುಂಗೋದು ಹೇಗೆ?"

ಹಿಂದಿರುಗುವಾಗ ಗುನ್‌ವೋರ್ ಒಡ್ಡಿನ ದ್ವಾರ ದಾಟಿದ ಮೇಲೆ ಕಾರು ನಿಲ್ಲಿಸಿದಳು.

"ನಮ್ಮ ಸ್ಟೇಷನ್ನಿನ ಗಡಿಯಾರಾನ ಅಪ್ಪ ಯಾವಾಗಲೂ ಸ್ವಲ್ಪ ಮುಂದೆ ಇಟ್ಟಿರ್ತಿದ್ದ," ಎಂದಳು. "ಜನಕ್ಕೆ ರೈಲು ತಪ್ಪಬಾರದು ಅಂತ, ಪ್ರೀತಿಯಿಂದ. ಒಂದು ದಿನಾನೂ ಅದು ನಿಧಾನ ಆಗಿಲ್ಲ, ಜೋರಾಗಿಲ್ಲ. ಅಷ್ಟು ನಂಬಿಕಸ್ತ ಗಡಿಯಾರ ಸೀಮೇಲೇ ಇರ್ಲಿಲ್ಲ. ಪ್ರತಿದಿನವೂ ತಪ್ಪು ತೋರಿಸ್ತಿತ್ತು." ಮೂಗು ಒರೆಸಿಕೊಂಡಳು. "ನಾನು ಆ ಗಡಿಯಾರ ಆಗಿದೀನಿ ಥೆಯಾ."

ಮನೆಗೆ ಬಂದವಳೇ ತೋರ್ಕಿಲ್‌ಗೆ ಫೋನು ಮಾಡಿದಳು. ತಾನು ತಂದ ಉತ್ತರಗಳನ್ನೆಲ್ಲ ಕಿತ್ತು ಬಿಸಾಡು ಎಂದಳು. ಅವನು ಬಿಸಾಡಲು ಒಪ್ಪಲಿಲ್ಲ. ಮರುದಿನವೇ ಬಂದ. ಈ ಸಲ ಕೇಕಿನ ತಟ್ಟೆ ಅವನ ಮುಂದೆಯೇ ಇತ್ತು.

"ಬಿಸಾಡಿದ್ರೆ ಏನೂ ಕಲಿಯಲ್ಲ," ಎಂದ ತೋರ್ಕಿಲ್. "ಬೇರೆ ದಾರೀಲಿ ಇನ್ನೊಂದು ಸಲ ಅಳೆದು ಪಕ್ಕದಲ್ಲಿಡೋಣ. ಎರಡೂ ಒಂದೇ ಹೇಳಿದ್ರೆ ಸರಿ. ಬೇರೆ ಬೇರೆ ಹೇಳಿದ್ರೆ ಯಾಕೆ ಅಂತ ಹುಡುಕೋಣ."

ಅವರ ಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ, ಸಿಂಧುತ್ವ. ಏನನ್ನು ಅಳೆಯುತ್ತೇನೆಂದು ಹೊರಟೆಯೋ ನಿಜಕ್ಕೂ ಅದನ್ನೇ ಅಳೆದೆಯಾ ಎಂಬುದು ಅದರ ಅರ್ಥವೆಂದು ನಾನು ತಿಳಿದುಕೊಂಡೆ. ಚೀಸ್ ತೂಗುವಾಗ ಹಲಗೆಯ ತೂಕ ಕಳೆಯುತ್ತಿದ್ದೆವು, ಅಲ್ಲಿ ಹಲಗೆ ಕಣ್ಣಿಗೆ ಕಾಣುತ್ತಿತ್ತು. ಇಲ್ಲಿ ಹಲಗೆ ಯಾವುದು, ಚೀಸ್ ಯಾವುದು ಎಂದು ಅವರು ನನ್ನ ಅಡಿಗೆಮನೆಯಲ್ಲಿ ಕೂತು ತಲೆ ಕೆರೆದುಕೊಂಡರು.

ಮೊದಲು ಅಂಚೆಯಲ್ಲಿ ಪ್ರಶ್ನೆ ಕಳಿಸಿ ನೋಡಿದರು, ಎದುರಿಗೆ ಯಾರೂ ಇಲ್ಲದಿದ್ದರೆ ಸಂಕೋಚ ಇರುವುದಿಲ್ಲ ಎಂದು. ನಮ್ಮವರು ಹಾಳೆಗಳನ್ನು ಗುರುವಾರ ಸಭಾಮನೆಗೇ ಹೊತ್ತು ತಂದರು.

"ನೀನು ಯಾವುದಕ್ಕೆ ಗುರುತು ಹಾಕಿದೆ?"

"ಅಪರೂಪಕ್ಕೆ."

"ಅಪರೂಪಕ್ಕಾ? ಪಕ್ಕದ ಮನೇಲಿ ನಾನಿದೀನಲ್ಲ, ನನ್ನ ಮಾನ ಏನಾಗ್ಬೇಕು? ಎಂದೂ ಇಲ್ಲ ಅಂತ ಹಾಕು."

ನಾನು ಕಾಫಿ ಬಗ್ಗಿಸುತ್ತಾ ಇದನ್ನೆಲ್ಲ ಕೇಳಿ ತೋರ್ಕಿಲ್‌ಗೆ ಹೇಳಿದೆ. ಅವನು ಹಣೆ ಮೇಜಿಗೆ ಒತ್ತಿಕೊಂಡು ನಕ್ಕ.

ಆಮೇಲೆ ಫೋನು. ಚೀಟಿ ಎತ್ತಿ ದಿನ ಆರಿಸಬೇಕು, ಯಾವ ದಿನವೆಂದು ನಮ್ಮವರಿಗೆ ಗೊತ್ತಿರಬಾರದು, ಅವರನ್ನು ಎಂದೂ ನೋಡಿರದ ಯಾರೋ ಕರೆಯಬೇಕು. ಇದು ತೋರ್ಕಿಲ್‌ನ ಆಲೋಚನೆ. ಏನು ಕೇಳಬೇಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ಒಂಟಿಯಾ ಎಂದರೆ, ಕೇಳುವವರು ಯಾರಾದರೇನು, ಇಲ್ಲ ಎನ್ನುತ್ತಾರೆ.

ನಿಸ್‌ನ ಗಂಟಲು ಇನ್ನೂ ಗುನ್‌ವೋರಳ ಕಿವಿಯಲ್ಲಿತ್ತೆಂದು ನನಗೆ ಗೊತ್ತು.

"ಮನಸ್ಸಿನ ಸುದ್ದಿಗೆ ಹೋಗೋದು ಬೇಡ," ಎಂದಳು. "ಈ ಫೋನಿಗೆ ಮುಂಚೆ ಕೊನೇ ಸಲ ಯಾರ ಹತ್ರ ಮಾತಾಡಿದ್ರಿ, ಯಾವತ್ತು? ಅಷ್ಟು ಕೇಳೋಣ. ಅದಕ್ಕೆ ಮಾನ ಮರ್ಯಾದೆ ಅಡ್ಡ ಬರಲ್ಲ."

ತೋರ್ಕಿಲ್ ಎದ್ದು ನಿಂತ, ಕೂತ, ಮತ್ತೆ ಎದ್ದ. "ಅದೇ! ಅದರ ಜೊತೆ ನಿನ್ನೆ ಕಾಫಿ ಯಾರ ಜೊತೆ ಕುಡಿದ್ರಿ, ಏನು ತಿಂದ್ರಿ." ಆಮೇಲೆ ಅವನ ದನಿ ತಗ್ಗಿತು. "ಒಂದು ಮಾತು, ಗುನ್‌ವೋರ್. ಚಳಿಗಾಲ ಮುಗಿಯೋ ತನಕ ನೀನು ಅವರ ಮನೆ ಕಡೆ ಹೋಗೋ ಹಾಗಿಲ್ಲ. ನೀನು ಹೋದ್ರೆ..."

"ಗೊತ್ತು," ಎಂದಳು ಅವಳು. "ನಾನು ಹೋದ್ರೆ ಅವರು ನೆಲ ತೊಳೀತಾರೆ."

ಆ ಚಳಿಗಾಲ ಅವಳಿಗೆ ವ್ರತ ಹಿಡಿದ ಹಾಗಾಯಿತು. ನನ್ನನ್ನು ನೋಡಲು ರಿಬೆಯಿಂದ ಬಂದಾಗ ಅಂಗಡಿಗೂ ಹೆದರಿ ಹೆದರಿ ಹೋಗುತ್ತಿದ್ದಳು. ಒಮ್ಮೆ ಬಸ್ಸಿನಿಂದಿಳಿದ ನಿಸ್ ನೇರ ಅಂಗಡಿಯೊಳಗೆ ಬಂದ. ಗುನ್‌ವೋರ್ ತಿರುಗಿಕೊಂಡು ಬೇಕಿಂಗ್ ಪೌಡರ್ ಡಬ್ಬಿಯ ಮೇಲಿನ ಅಕ್ಷರಗಳನ್ನು ಓದತೊಡಗಿದಳು. ಅಷ್ಟು ಎತ್ತರದ ಹೆಂಗಸು ಎಲ್ಲಿ ಅಡಗುತ್ತಾಳೆ? ನಿಸ್‌ನ ಮಂಜುಗಣ್ಣಿಗೂ ಕಂಡಳು.

"ಮೋಯ್ನ್," ಎಂದ ನಿಸ್ ಅವಳ ಬೆನ್ನಿಗೆ. "ನಾನೇನು ತಪ್ಪು ಉತ್ತರ ಕೊಟ್ನಾ?"

"ಮೋಯ್ನ್," ಎಂದಳು ಡಬ್ಬಿಗೆ. ಹೊರಗೆ ಬಂದು ನನ್ನ ತೋಳು ಹಿಡಿದುಕೊಂಡಳು. "ಮೋಯ್ನ್ ಅಂದಿದ್ದು ಲೆಕ್ಕಕ್ಕೆ ಬರುತ್ತಾ ಅಂತ ತೋರ್ಕಿಲ್‌ನ ಕೇಳ್ಬೇಕು."

ಯಾಕೆ ಹಾಗೆ ಮಾಡುತ್ತಾಳೆಂದು ನಿಸ್‌ಗೆ ಹೇಳುವ ಹಾಗಿರಲಿಲ್ಲ. ಅವನು ನನ್ನ ಹತ್ತಿರ ಕೇಳಿದ, ನಾನು ಕಾಫಿ ಕಾಸಲು ಹೋದೆ. ಆ ಗುರುವಾರ ಅವನು ಗುನ್‌ವೋರಳ ಪಾತ್ರ ಮಾಡಿ ತೋರಿಸಲಿಲ್ಲ, ಯಾರೂ ಕೇಳಲೂ ಇಲ್ಲ.

ಫೋನು ಮಾಡುತ್ತಿದ್ದವಳು ಕೋಪನ್‌ಹೇಗನ್ನಿನ ಒಬ್ಬ ಹೆಂಗಸು. ನಿಸ್ ಅವಳನ್ನು 'ನೀವು' ಎನ್ನುತ್ತಿದ್ದ. ನಮ್ಮಲ್ಲಿ ಪಾದ್ರಿಗೂ 'ನೀನು' ಎನ್ನುತ್ತೇವೆ, ಒಬ್ಬರನ್ನು 'ನೀವು' ಎಂದರೆ ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಆದರೂ ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟ. ಯಾರ ಹತ್ರ, ಯಾವತ್ತು ಎಂಬುದರಲ್ಲಿ ಮರೆಮಾಚಲು ಏನಿದೆ?

ಚಳಿಗಾಲದ ನಡುವೆ ಒಂದು ಗುರುವಾರ ಸಭಾಮನೆಯ ಫೋನು ಹೊಡೆದುಕೊಂಡಿತು. ತೋರ್ಕಿಲ್. ದನಿಯಲ್ಲಿ ಗಾಬರಿ.

"ಥೆಯಾ, ಗುರುವಾರ ಸಭಾಮನೇಲಿ ಏನು ಕೊಡ್ತೀರಿ?"

"ಯಾಕೆ? ಎಲ್ಲಾ ಇರುತ್ತೆ."

"ಶುಕ್ರವಾರ ಫೋನು ಮಾಡಿದಾಗೆಲ್ಲ ನಿಮ್ಮೋರು, ನಿನ್ನೆ ಸಭಾಮನೇಲಿ ತಿಂದಿದ್ದು 'ಏನಿಲ್ಲ' ಅಂತಿದಾರೆ. ಒಬ್ಬರಲ್ಲ, ಇಬ್ಬರಲ್ಲ. ಇಷ್ಟು ಜನ ಮುದುಕರನ್ನ ಬಸ್ಸಲ್ಲಿ ತಂದು ಉಪವಾಸ ಕೂರಿಸ್ತೀರಾ? ಇದು ಪುರಸಭೆಗೆ ಗೊತ್ತಾದ್ರೆ ನಾಳೇನೇ ಬಸ್ಸು ನಿಲ್ಲಿಸ್ತಾರೆ."

ನಾನು ನಗು ತಡೆಯಲಾರದೆ ಗೋಡೆಗೆ ಒರಗಿದೆ. ನಿಸ್‌ನನ್ನೇ ಕೇಳು ಎಂದು ಫೋನನ್ನು ಅವನ ಕೈಗೆ ಕೊಟ್ಟೆ.

"ನಿಸ್, ಈಗ ನಿನ್ನ ತಟ್ಟೇಲಿ ಏನಿದೆ?" ತೋರ್ಕಿಲ್‌ನ ದನಿ ನನಗೂ ಕೇಳಿಸುತ್ತಿತ್ತು.

"ಏನಿಲ್ಲ. ನಾನೇ ಮಾಡಿ ತಂದೆ. ಇದು ಆರನೇದು. ನಿಮಗೆ ಬೇಕಾ?"

ತೋರ್ಕಿಲ್ ದೂರದ ಉತ್ತರ ಜಟ್‌ಲೆಂಡ್ ಕಡೆಯವನು, ನಮ್ಮ ಬಿಸ್ಕತ್ತಿನ ಹೆಸರು ಅವನಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಕೋಪನ್‌ಹೇಗನ್ನಿನ ಹೆಂಗಸಿಗೆ ಹೇಳಿ ಹಿಂದಿನ ಉತ್ತರಗಳನ್ನೆಲ್ಲ ಮತ್ತೆ ತಿದ್ದಿಸಿದ. ನಾವು ಅವಳಿಗೆ ಒಂದು ಡಬ್ಬಿ ತುಂಬ ಏನಿಲ್ಲ ಕಳಿಸಿದೆವು. ಅದಾದ ಮೇಲೆ ನಿಸ್ ಅವಳನ್ನು 'ನೀನು' ಎಂದನೋ ಇಲ್ಲವೋ ಗೊತ್ತಿಲ್ಲ. ಎಂದಿದ್ದರೆ ಆ ಅಳತೆಯೂ ಕೆಟ್ಟ ಹಾಗೆಯೇ ಎಂದು ಗುನ್‌ವೋರ್ ನಕ್ಕಳು.

ಹಿಮ ಕರಗಿದ ಮೇಲೆ ಪುರಸಭೆಯಲ್ಲಿ ಬಸ್ಸಿನ ಮಾತು ಬಂತು. ನಾವು ಕೆಲವರು ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ನಿಸ್ ಬೊತಿಲ್ಲೆ ಹೆಣೆದ ಮಫ್ಲರು ಹಾಕಿಕೊಂಡು ಬಂದಿದ್ದ. ತೋರ್ಕಿಲ್ ಎದ್ದು ಹೇಳಿದ: ವೆಸ್ಟರ್‌ಲುಂಡಿನಲ್ಲಿ ಶುಕ್ರವಾರ ಫೋನು ಮಾಡಿದರೆ, ನಿನ್ನೆ ಮಾತಾಡಿದೆ ಎನ್ನುತ್ತಾರೆ. ಬುಧವಾರ ಮಾಡಿದರೆ ಬಹಳ ಜನ, ಹೋದ ಗುರುವಾರ ಮಾತಾಡಿದೆ ಎನ್ನುತ್ತಾರೆ. ಫೋನು ಎತ್ತಿದವರು ಮಾತಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ.

ನಿಸ್ ಮಫ್ಲರನ್ನು ಬಿಗಿ ಮಾಡಿಕೊಂಡ.

ಮುಂದೆ ಕೂತಿದ್ದ ಸದಸ್ಯನೊಬ್ಬ ಕನ್ನಡಕ ತೆಗೆದ. "ಹೋದ ವರ್ಷ ಈ ಜನ ಒಂಟಿ ಅಲ್ಲ ಅಂದ್ರಿ. ಈಗ ಒಂಟಿ ಅಂತೀರಿ. ಹೋದ ವರ್ಷದ್ದು ಸುಳ್ಳಾ, ಈ ವರ್ಷದ್ದು ಸುಳ್ಳಾ?"

ತೋರ್ಕಿಲ್ ಉತ್ತರಿಸುವ ಮೊದಲೇ ಗುನ್‌ವೋರ್ ಎದ್ದಳು. ಬೂದು ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದಳು.

"ಹೋದ ವರ್ಷದ ಉತ್ತರ ತಂದಿದ್ದು ನಾನು," ಎಂದಳು. "ಎರಡೂ ನಿಜ. ನಾನು ಹೋದ ದಿನ ಅವರು ಒಂಟಿ ಅಲ್ಲ. ನಾನು ಹೋಗೋದು ವರ್ಷಕ್ಕೆ ಒಂದೇ ದಿನ. ಆ ಒಂದು ದಿನಾನ ನಾನು ಇಡೀ ವರ್ಷ ಅಂತ ಬರ್ಕೊಂಡೆ. ಅಷ್ಟು ವರ್ಷದ್ದೂ ಹಾಗೇ ಓದ್ಕೋಬೇಕು ನೀವು." ಸ್ವಲ್ಪ ನಿಂತು, "ಈ ಬಸ್ಸು ವಾರಕ್ಕೆ ಒಂದು ದಿನ ಹೋಗುತ್ತೆ. ನನಗಿಂತ ಎಷ್ಟೋ ವಾಸಿ" ಎಂದಳು.

ಕೂತ ಮೇಲೆ ಅವಳ ಕಿವಿ ಕೆಂಪಾಗಿತ್ತು. ನಿಸ್ ಪಕ್ಕಕ್ಕೆ ಬಾಗಿ ನನ್ನ ಕಿವಿಯಲ್ಲಿ, "ಹಾಗಾದ್ರೆ ಅಂಗಡೀಲಿ ಡಬ್ಬಿ ಓದ್ತಿದ್ದಿದ್ದು ಇದಕ್ಕಾ?" ಎಂದ.

"ಇದಕ್ಕೇ."

"ಮೊದ್ಲೇ ಹೇಳ್ಬಾರದಾ? ನಾನು ಇಡೀ ಚಳಿಗಾಲ ಏನಿಲ್ಲ ಸರಿಯಾಗಿ ಬಂದಿರಲಿಲ್ಲವೇನೋ ಅಂತ ಒದ್ದಾಡ್ತಿದ್ದೆ."

ಬಸ್ಸು ಉಳಿಯಿತು. ಗುನ್‌ವೋರಳ ಮನೆಮನೆ ಭೇಟಿ ಉಳಿಯಲಿಲ್ಲ, ಅದನ್ನು ಅವಳೇ ಬೇಡವೆಂದಳು. ಆಮೇಲೆ ಪ್ರಶ್ನೆ ಕೇಳಲು ಹೊಸದಾಗಿ ಸೇರಿದವರಿಗೆ ಕೇಳುವುದು ಹೇಗೆಂದು ಕಲಿಸುವ ಕೆಲಸವನ್ನು ತೋರ್ಕಿಲ್ ಅವಳಿಗೆ ಕೊಟ್ಟ. ನಿವೃತ್ತಿಯವರೆಗೂ ಅದನ್ನೇ ಮಾಡಿದಳು. ಮೊದಲ ದಿನ ಅವರಿಗೆಲ್ಲ ನಾನು ಕಟ್ಟಿಕೊಟ್ಟ ಡಬ್ಬಿಯಿಂದ ಒಂದೊಂದು ಏನಿಲ್ಲ ತಿನ್ನಿಸುತ್ತಿದ್ದಳಂತೆ.

ಬಸ್ಸು ಉಳಿದ ಆ ವಾರವೇ, ಸೋಮವಾರ, ಅವಳು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಒಡ್ಡಿನ ಕೊನೆಗೆ ಹೋದಳು. ಹೇಳಿ ಕಳಿಸಿರಲಿಲ್ಲ. ಕೈಯಲ್ಲಿ ಪ್ರಶ್ನೆಯ ಚೀಲವೂ ಇರಲಿಲ್ಲ. ಬಾಗಿಲಾಚೆ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿ ಅವಳು ಮುಗಿಯುವ ತನಕ ಕಾದಳು. ಆಮೇಲೆ ಬಡಿದಳು.

ನಿಸ್‌ನ ಮೇಜಿನ ಮೇಲೆ ಪತ್ರಿಕೆಯೇ ಇತ್ತು. ಅವನು ಅದನ್ನು ತೆಗೆಯಲು ಹೋದ. ಅವಳು ಅದರ ಮೇಲೆ ಮೊಣಕೈ ಊರಿ ಕೂತುಬಿಟ್ಟಳು.

"ಏನು ಕೊಡ್ಲಿ?" ಎಂದ ನಿಸ್.

"ಏನಿಲ್ಲ."

"ಅದು ಇವತ್ತಿಲ್ಲ. ರೈ ರೊಟ್ಟಿ ಇದೆ."

"ರೈ ರೊಟ್ಟಿ ಕೊಡು."

ಅವನು ರೊಟ್ಟಿ ಕೊಯ್ದ, ದಪ್ಪಗೆ, ಒಡ್ಡಿನ ಮಣ್ಣು ಕಡಿದ ಹಾಗೆ. ನಾವು ಮೂವರೂ ತಿಂದೆವು. ಸ್ವಲ್ಪ ಹೊತ್ತಿನ ಮೇಲೆ ನಿಸ್ ಬೆನ್ನು ನೆಟ್ಟಗೆ ಮಾಡಿ, ದನಿ ತೆಳ್ಳಗೆ ಮಾಡಿದ.

"ಗುನ್‌ವೋರ್, ನಿನಗೆ ಒಂಟಿ ಅನ್ಸುತ್ತಾ? ಯಾವಾಗಲೂ, ಆಗಾಗ, ಅಪರೂಪಕ್ಕೆ, ಇಲ್ಲಾ ಎಂದೂ ಇಲ್ಲ?"

ನಾನು ನಗಲು ಹೊರಟವಳು ನಿಲ್ಲಿಸಿದೆ. ನಿಸ್ ಕೇಳಿ ಸುಮ್ಮನೆ ಕೂತಿದ್ದ. ಕೆಮ್ಮಲಿಲ್ಲ, ನಗಲಿಲ್ಲ.

ಗುನ್‌ವೋರ್ ರೊಟ್ಟಿಯ ಪುಡಿಗಳನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದಳು.

"ಆಗಾಗ," ಎಂದಳು.

"ಹಾಗಾದ್ರೆ ಗುರುವಾರ ಬಸ್ಸಿಗೆ ಬಾ," ಎಂದ ನಿಸ್. "ನನ್ನ ಪಕ್ಕದ ಸೀಟು ಖಾಲಿ ಇರುತ್ತೆ. ಬೇಕಿಂಗ್ ಪೌಡರ್ ಡಬ್ಬಿ ತರ್ಬೇಡ."